ಪ

ಸುಹಾರಿನ ಜೈಲಿನ ದಫ್ತರಿನಲ್ಲಿ ಪ ಅಕ್ಷರ ಇಲ್ಲ.
ಅರಬಿಗೆ ಅದು ಬೇಕಾಗಿಯೇ ಬರಲಿಲ್ಲ.
ಹಾಗಾಗಿ ಬೆಳ್ಳಾರೆಯ ಪೂವಪ್ಪ, ನೀರಿನ ಟ್ಯಾಂಕರಿನ ಡ್ರೈವರು,
ಒಳಗೆ ಬಂದ ದಿನವೇ ಬೂವಬ್ಬ ಆದ.
ಆಮೇಲೆ ಅದೂ ಯಾಕೆಂದು
ಮುನ್ನೂರ ಹನ್ನೆರಡು.

ನಾನು ಮೀನಿನ ಕೋಲ್ಡ್ ಸ್ಟೋರೇಜಿನ ಗುಮಾಸ್ತ.
ಭಾಷೆ ಗೊತ್ತುಂಟೆಂದು ಕರೆಸುತ್ತಾರೆ,
ಬಂಗುಡೆ ವಾಸನೆಯ ಕೈಯಲ್ಲೇ ಹೋಗುತ್ತೇನೆ.
ಅವತ್ತು ಪರಿಶೀಲನೆಗೆ ಹೊರಗಿನವರು ಬರುವವರಿದ್ದರು;
ಬಾಗಿಲಿಗೆ ಬಳಿದ ಬಣ್ಣ ಇನ್ನೂ ಅಂಟುತ್ತಿತ್ತು.

ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಹೆಂಗಸು
ಒಂದೊಂದೇ ನಿಯಮ ಓದಿದಳು.
ಕಿಟಕಿ ಎಷ್ಟಿರಬೇಕೆಂದರೆ
ಹಗಲ ಬೆಳಕಲ್ಲೇ ಓದಲು ಆಗಬೇಕು, ಎಂದೆ ನಾನು.
ಪೂವಪ್ಪ ಮೇಲೆ ನೋಡಿದ. ಅಂಗೈಯಗಲ ಆಕಾಶ.
"ಓದು ಬಾರದವನಿಗೆ ಎಷ್ಟು?"
ತಮಾಷೆಯೋ ದೂರೋ ತಿಳಿಯದೆ
ಅದನ್ನು ದಾಟಿಸಲೇ ಇಲ್ಲ. ಅದು ನನ್ನ ತಪ್ಪು.

ಆಮೇಲೆ ಬಂತು ಆ ಶಬ್ದ,
ಎಲ್ಲ ನಿಯಮಗಳ ಅಡಿಪಾಯದ ಶಬ್ದ.
ಘನತೆ ಎಂದೆ. ಮುಖ ಅಲ್ಲಾಡಲಿಲ್ಲ.
ಗೌರವ ಎಂದೆ. ಅದು ಶಾಲು ಹೊದಿಸುವವರದ್ದು.
ಮಾನ ಎಂದೆ.
"ಅದು ಹೋಯಿತಲ್ಲ, ಬೇಡಿ ಹಾಕಿ ನಡೆಸುವಾಗ
ನಮ್ಮೂರ ಇಸುಬು ಜ್ಯೂಸಿನಂಗಡಿಯಿಂದ ನೋಡಿದ,
ನೋಡಿ, ಲೋಟ ತೊಳೆಯುವ ಹಾಗೆ ಬಗ್ಗಿದ."
ಮರ್ಯಾದೆ ಎಂದೆ.
ಮರ್ಯಾದೆ ಅಂದರೆ ಗಡಿ ಎಂದೂ ಅರ್ಥ ಉಂಟು, ಪೂವಪ್ಪ.
ಇಲ್ಲಿಂದ ಈಚೆಗೆ ಸರಕಾರವೂ ಕಾಲಿಡಬಾರದು.

ಅವನು ತನ್ನ ಕಾಲ ಬೆರಳು ನೋಡಿಕೊಂಡ.

ಏನಾದರೂ ಬೇಕಾ ಎಂದರು.
ಕಂಬಳಿ, ಮದ್ದು, ಫೋನು,
ಪಟ್ಟಿ ಮಾಡಲು ಪೆನ್ನು ತೆರೆದೇ ಇತ್ತು.
"ಬ ಅನ್ನುವಾಗ ಗಂಟಲು ನಡುಗುತ್ತದೆ,
ನನ್ನ ಹೆಸರಿಗೆ ನಡುಗಬೇಕಿಲ್ಲ.
ತುಟಿ ಸೇರಿಸಿ ಬಿಟ್ಟರೆ ಸಾಕು.
ಅಷ್ಟು ಹೇಳಿ ಅವರಿಗೆ."

ಹೇಳಿದೆ. ಅಧಿಕಾರಿ ಪ್ರಯತ್ನಿಸಿದ, ಪಾಪ:
ಬೂ. ಬೂ. ಎಲ್ಲರೂ ನಕ್ಕರು, ಪೂವಪ್ಪನೂ.
ಬಾಗಿಲ ಬಳಿ ನಿಂತ ಕಾವಲಿನ ಹುಡುಗ ನಗಲಿಲ್ಲ.
ಬಲೂಚಿಗಳವನು; ಎದೆಯ ಪಟ್ಟಿಯಲ್ಲಿ ಬೀರ್ ಬಕ್ಷ್.
ಮನೆಯಲ್ಲಿ ತಾಯಿ ಕರೆಯುವುದು ಪೀರ್.
ಗೋಡೆಗೆ ಹೇಳುವ ಹಾಗೆ, ಮೆಲ್ಲಗೆ,
"ಪೂವಪ್ಪ" ಎಂದ.

ತೋಳಿಗೆ ಹತ್ತಿದ ಬಣ್ಣ
ಸೀಮೆಎಣ್ಣೆಗೂ ಪೂರ್ತಿ ಹೋಗಲಿಲ್ಲ.
ಮುಂದಿನ ತಿಂಗಳು ಮತ್ತೆ ಕರೆ ಬಂತು, ಬೇರೆ ಯಾರದೋ ಕೇಸಿಗೆ.
ಕಿಟಕಿ ಅಷ್ಟೇ ಇತ್ತು.
ಸಂಜೆಯ ಹಾಜರಿ ಕೂಗುತ್ತಿದ್ದರು:
ಮುನ್ನೂರ ಹತ್ತು,
ಮುನ್ನೂರ ಹನ್ನೊಂದು,
ಆಮೇಲೆ ಒಂದು ಸಣ್ಣ ತಡೆ,
ತುಟಿಗೆ ತುಟಿ ತಾಗಿದ ಸದ್ದು.