ಹಂದಿಗೋಣದ ಹತ್ತಿರ

ಮಾರ್ಚ್ ಮೂವತ್ತೊಂದಕ್ಕೆ ಏಳು ದಿನ.
ಗುರಿ ಮುಟ್ಟಲು ಇನ್ನೂ ನಾಲ್ಕು ಖಾತೆ ಬೇಕು.
ಕುಮಟಾ ಪೇಟೆಯಲ್ಲಿ ನಾನು ಕೇಳದೆ ಬಿಟ್ಟವರಿಲ್ಲ:
ದರ್ಜಿ, ಔಷಧಿ ಅಂಗಡಿ, ಹೆಣ್ಣು ಕೊಟ್ಟ ಮಾವ ಕೂಡ.
ಉಳಿದದ್ದು ಹೆದ್ದಾರಿ.

ಹಂದಿಗೋಣದಲ್ಲಿ ಬೈಕು ನಿಲ್ಲಿಸಿದೆ.
ನಾಲ್ಕು ಗಳ, ಮೇಲೆ ಹಳೇ ಸೀರೆಯ ನೆರಳು,
ಅಡ್ಡಕೋಲಿಗೆ ಜೋತ ನೀರುಳ್ಳಿ ಗೊಂಚಲು.
ಲಾರಿ ಹೋದಾಗೊಮ್ಮೆ ಎಲ್ಲವೂ ಒಟ್ಟಿಗೆ ತಲೆಯಾಡಿಸುತ್ತವೆ,
ಹೂಂ ಅನ್ನುತ್ತವೋ ಉಹೂಂ ಅನ್ನುತ್ತವೋ.

"ತಿಂಗಳಿಗೆ ಐನೂರು ಹಾಕಿ ಮಾಸ್ತಮ್ಮ," ಅಂದೆ,
"ಹದಿನೈದು ವರ್ಷಕ್ಕೆ ಮರವಾಗುತ್ತದೆ."
ಕಂಪನಿಯ ಹಾಳೆಯಲ್ಲಿ ನಿಜಕ್ಕೂ ಒಂದು ಮರವಿತ್ತು,
ಎಲೆಯ ಜಾಗದಲ್ಲಿ ನಾಣ್ಯ.
ಅವಳು ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು.
"ಬೇರು ಬಿಡಿಸ್ಲೇ ಇಲ್ವಲಾ ತಮಾ."

ಮಾರುಕಟ್ಟೆಯ ಅಪಾಯದ ಸಾಲನ್ನು
ನಾನು ಯಾವಾಗಲೂ ಒಂದೇ ಉಸಿರಿಗೆ ಓಡಿಸುವವ.
ಅವಳು ತನ್ನದನ್ನು ನಿಧಾನ ಹೇಳಿದಳು:
ಭತ್ತ ಕೊಯ್ದ ಗದ್ದೆ, ಬೂದಿ, ಮೀನಿನ ಗೊಬ್ಬರ,
ಎರಡು ಕೊಡ ಹಿಡಿದು ಬಾವಿಯಿಂದ ಸಾಲಿಗೆ,
ಸಾಲಿನಿಂದ ಬಾವಿಗೆ, ಹೊಯಿಗೆ ಮಣ್ಣು ಕುಡಿದಷ್ಟೂ ಕೇಳುತ್ತದೆ.
ಕೀಳುವ ವಾರ ಒಂದು ಮಳೆ ಸುಳಿದರೆ ಸಾಕು,
ಕುತ್ತಿಗೆಯಿಂದ ಕೊಳೆ.
"ಹ್ವಾದ ವರ್ಷ ಅರ್ಧ ಹೋಯ್ತು. ಅತ್ತು ಮುಗ್ಸಿ ಮತ್ತೆ ಬೀಜ ಹಾಕ್ದೆ."

"ಈ ಸಲ?"

"ಮೂವತ್ತು ಗುಂಟೆ, ಮೂರು ತಿಂಗ್ಳು.
ಆಳು, ಗೊಬ್ಬರ ಎಲ್ಲ ಕಳದು ಎರಡು ಲಕ್ಷದ ಮೇಲೆ ಹತ್ತು ಸಾವ್ರ."

ಫೋನು ತೆಗೆದು ಮೂರು ಸಲ ಕೂಡಿಸಿದೆ.
ನನ್ನ ಹನ್ನೆರಡು ತಿಂಗಳ ಸಂಬಳಕ್ಕಿಂತ ಹದಿನೆಂಟು ಸಾವಿರ ಕಡಿಮೆ.
ಅವಳ ಕೈಯಲ್ಲಿ ಇನ್ನೂ ಒಂಬತ್ತು ತಿಂಗಳಿದ್ದವು,
ಮಳೆಗಾಲದ ಭತ್ತವಿತ್ತು.
ನನ್ನ ಕೊರಳಲ್ಲಿ ಟೈ ಇತ್ತು,
ಉಪ್ಪುಗಾಳಿಗೆ ತುದಿ ಸುರುಟಿದ್ದು.

ಕೆಲಸ ಬಿಟ್ಟೆ ಎಂದು ಒಂದು ಸಾಲಲ್ಲಿ ಬರೆಯಬಹುದು.
ಬಿಡಲು ಏಳು ತಿಂಗಳು ಹಿಡಿಯಿತು.
ನಮಿತಾ ಕಾರವಾರದ ಆಸ್ಪತ್ರೆಗೆ ಬೆಳಗಿನ ರೈಲು ಹತ್ತುವವಳು,
ಒಂದು ಕಾಲು ಚಪ್ಪಲಿಯಲ್ಲಿಟ್ಟು ಹೇಳಿದಳು:
"ಒಂದು ವರ್ಷ. ಆಮೇಲೆ ನನಗೆ ಲೆಕ್ಕ ತೋರಿಸು."

ಅಳ್ವೆಕೋಡಿಯಲ್ಲಿ ಎಂಟು ಗುಂಟೆ ಗೇಣಿ.
ಸಸಿ ಆಳಕ್ಕೆ ಊರಿದೆ, ಮೂರು ಸಾಲು ಗಡ್ಡೆ ಕಟ್ಟಲಿಲ್ಲ.
ಅಂಗೈಯ ಬೊಕ್ಕೆ ಒಡೆದಲ್ಲಿ ಬೂದಿ ತಾಗಿದರೆ ಹೇಗೆಂದು
ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.
ರಾತ್ರಿ ಮೋಡ ಕಂಡರೆ ಎದ್ದು ಕೂರುತ್ತಿದ್ದೆ;
ಮೊದಲೂ ಎದ್ದು ಕೂರುತ್ತಿದ್ದೆ, ಆದರೆ ಆಗ
ಯಾವುದನ್ನು ನೋಡಿ ಹೆದರಬೇಕೆಂದು ತಿಳಿಯುತ್ತಿರಲಿಲ್ಲ.

ಗೊಂಚಲು ಹೆಣೆಯುವ ದಿನ ಮಾಸ್ತಮ್ಮ ನಗಲು ಸಿದ್ಧಳಾಗಿ ಬಂದು ಕೂತಳು.
ಒಣಗಿದ ಎಲೆ ಮೂರು ಪಾಲು ಮಾಡಿ
ಎಡ, ಬಲ, ನಡು, ಬಿಗಿಯಾಗಿ, ಎಳೆಯದೆ.
ಎಂಟನೆಯದಕ್ಕೆ ಅವಳ ನಗು ನಿಂತಿತು.
"ಯಾರು ಕಲ್ಸಿದ್ರೋ?"
ರೈಲು ಬೇಗ ಹೋಗುವ ಮನೆಯಲ್ಲಿ
ಮಗಳ ಎರಡು ಜಡೆ ನಾನೇ ಹಾಕುವುದು,
ನಾಲ್ಕು ವರ್ಷದಿಂದ.

ನಲವತ್ತೊಂದು ಸಾವಿರ ಉಳಿಯಿತು.
ಮೆರೆಯುವಷ್ಟಲ್ಲ, ಅಡಗಿಸಿಡುವಷ್ಟೂ ಅಲ್ಲ.
ನಮಿತಾ ಲೆಕ್ಕದ ಪುಸ್ತಕ ಕೊನೆಯಿಂದ ಓದಿದಳು, ಆಮೇಲೆ ಮೊದಲಿನಿಂದ,
ಮುಚ್ಚುವಾಗ ಪುಟದೊಳಗಿಂದ
ಒಂದು ಕೆಂಪು ಸಿಪ್ಪೆ ಜಾರಿತು.
"ಮುಂದಿನ ವರ್ಷ ಇಪ್ಪತ್ತು ಗುಂಟೆ ಸಿಗ್ತದಾ ಕೇಳು," ಅಂದಳು.

ಜೂನಿನಲ್ಲಿ ಶಾಲೆಯಿಂದ ಫೋನು.
"ತಂದೆಯ ಉದ್ಯೋಗ ಎಂಬಲ್ಲಿ ನಿಮ್ಮ ಮಗಳು
ನೀರುಳ್ಳಿ ಅಂತ ಬರೆದಿದ್ದಾಳೆ. ತಿದ್ದಲೇ?"

ಕೃಷಿಕ ಎನ್ನಲು ಎಂಟು ಗುಂಟೆ ಸಾಲದೇನೋ,
ವ್ಯಾಪಾರಿ ಅನ್ನಲು ಮನಸ್ಸಿಲ್ಲ.
"ಇರಲಿ ಟೀಚರ್, ಅದೇ ಇರಲಿ."

ಆ ಕಡೆ ಪೆನ್ನಿನ ಮುಚ್ಚಳ ಹಾಕಿದ ಸದ್ದು.
ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ ದನಿ ತಗ್ಗಿಸಿ,
"ಗೊಂಚಲು ಇನ್ನೂ ಉಳಿದಿದೆಯಾ? ಹೇಗೆ ಕೊಡ್ತೀರಿ?"