ಹತ್ತು ಪಟ್ಟು ಚಿಕ್ಕದು

ಪುಕಾಲ್ಪಾದಲ್ಲಿ ಕಬ್ಬಿಣ ಇಟ್ಟಲ್ಲೇ ಬೆವರುತ್ತದೆ.
ಅದೆಲ್ಮೊ ಪಿಂಚಿ ತನ್ನ ಎಕೋ ಯಂತ್ರವನ್ನು
ಮೋಟೋಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು
ಮೊಟ್ಟೆಯ ಟ್ರೇ ಹಿಡಿದವನ ಹಾಗೆ ತಂದ.
ಮೊದಲು ರಸ್ತೆಗೆ ಬೈದ, ಆಮೇಲೆ ಯಂತ್ರಕ್ಕೆ:
"ನಮ್ಮ ಮೇಯರ್ ಥರ ಆಗಿದೆ, ನೆಲಿದಾ.
ಒಂದು ಸಲ ಹೇಳುತ್ತೆ, ಆಮೇಲೆ ಸದ್ದಿಲ್ಲ."

ಆರು ಸ್ಕ್ರೂ ಇರಬೇಕು. ನಾಲ್ಕಿವೆ,
ಐದನೆಯದರ ಜಾಗದಲ್ಲಿ ಬಾಗಿಲಿನ ಮೊಳೆ.
ಒಳಗೆ ಜಿರಳೆಯ ಹಿಕ್ಕೆ, ಎಷ್ಟೋ ಕುಣಿತದ ರಾತ್ರಿಗಳ
ಸಿಗರೇಟಿನ ಅಂಟು.
ರಬ್ಬರಿನ ಉರುಳೆ ಕರಗಿ ಕಾಕಂಬಿಯಾಗಿ
ಟೇಪಿನ ಕುಣಿಕೆಯನ್ನು ಕಚ್ಚಿ ಹಿಡಿದಿದೆ.
ಕೆಪ್ಯಾಸಿಟರುಗಳು ಹೊಟ್ಟೆಯುಬ್ಬರಿಸಿ ಕೂತಿವೆ
ಮದುವೆಯೂಟ ಮುಗಿದರೂ ಏಳಲಾರದ ಪಂಕ್ತಿ.

ಸ್ಪಿರಿಟ್ಟು, ಹತ್ತಿ, ಹಲ್ಲುಜ್ಜಿ ಬಿಟ್ಟ ಬ್ರಶ್ಶು.
ಒರೆಸುತ್ತ ಒರೆಸುತ್ತ
ಸದ್ದು ಮರಳಿ ಬರುವ ಹಾದಿಯಲ್ಲಿ
ಒಂದು ಬೆಸುಗೆ ಕಂಡೆ.
ಅನ್ನದ ಅಗುಳಿನಷ್ಟು ದಪ್ಪ, ಬೂದಿ ಬಣ್ಣ,
ಸುತ್ತಲೂ ಸುಟ್ಟ ಹಲಗೆ.
"ಯಾವ ಕತ್ತೆಯ ಕೈಕೆಲಸ ಇದು" ಅಂದೆ ಜೋರಾಗಿಯೇ.
ಅಂದಮೇಲೆ ನೆನಪಾಯಿತು.

ಹತ್ತೊಂಬತ್ತು ವರ್ಷ ನನಗೆ. ಅಪ್ಪ ಲೀಮಾಕ್ಕೆ ಹೋಗಿದ್ದ.
ಡ್ರಮ್ಮಿನವನು ಯಂತ್ರ ತಂದು ಮೇಜಿಗೆ ಕುಕ್ಕಿ
ಇವತ್ತು ರಾತ್ರಿಯೇ ಬೇಕು ಅಂದಿದ್ದ.
ಸರಿಯಾದ ಅಳತೆಯದು ಊರಲ್ಲೇ ಇರಲಿಲ್ಲ.
ಸತ್ತ ರೇಡಿಯೋದಿಂದ ಒಂದನ್ನು ಕಿತ್ತೆ,
ಬೇಕಾದ್ದಕ್ಕಿಂತ ಹತ್ತು ಪಟ್ಟು ಚಿಕ್ಕದು.
ನಡೆಯುತ್ತೆ ಅಂದೆ.
ನಡೆಯಿತು. ಇಪ್ಪತ್ತೇಳು ವರ್ಷ.

ಈ ಸಲ ಹಾಗಲ್ಲ. ನಕ್ಷೆ ಹರಡಿಕೊಂಡು,
ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು,
ಎಲ್ಲವನ್ನೂ ಬದಲಿಸಿದೆ.
ಲೇತಿನವನಿಂದ ಹೊಸ ಉರುಳೆ,
ಮೋಟಾರಿಗೆ ಎರಡು ತೊಟ್ಟು ಎಣ್ಣೆ,
ಹಳೆಯ ತಪ್ಪು ಸಾರ್ಡೀನಿನ ಡಬ್ಬಿಗೆ.
ಮೈಕಿಗೆ "ಹಾ" ಅಂದೆ.
ಹಾ, ಹಾ, ಹಾ, ಹಾ
ಸಂಬಳದ ದಿನದ ಪೊಲೀಸರ ಹಾಗೆ
ಸಾಲಾಗಿ, ತುಂಬಿದ ಮೈಯಲ್ಲಿ ಬಂದವು.
ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಪಿಂಚಿ ಗಿಟಾರು ಚುಚ್ಚಿ ನಾಲ್ಕು ಸ್ವರ ನುಡಿಸಿದ.
ನಿಲ್ಲಿಸಿದ.
ಯಂತ್ರದ ಹಿಂದೆ ಬಗ್ಗಿ ನೋಡಿದ,
ಅಲ್ಲಿ ಯಾರೋ ಕೂತಿರುವ ಹಾಗೆ.
"ಯಾರಿವರೆಲ್ಲ?" ಅಂದ.
"ಮೊದಲು ಪ್ರತಿ ಸಲವೂ ತೆಳ್ಳಗಾಗುತ್ತಾ ಹೋಗೋದು,
ಉಕಯಾಲಿಯ ತಿರುವಲ್ಲಿ ದೋಣಿಯ ಮೋಟಾರು
ಹೋಗುತ್ತಲ್ಲ, ಹಾಗೆ.
ತೆಳ್ಳಗಾದ ಕಡೆ ನಾನು ಇನ್ನೊಂದು ಸ್ವರ ಇಡುತ್ತಿದ್ದೆ.
ಈಗ ಕಾಲಿಡೋಕೂ ಜಾಗ ಇಲ್ಲ."

ನಾನೇನೂ ಹೇಳಲಿಲ್ಲ.
ಸಾರ್ಡೀನಿನ ಡಬ್ಬಿಯಲ್ಲಿ ಬೆರಳಾಡಿಸಿ ಹುಡುಕಿದೆ.
ಯಂತ್ರದ ಬೆನ್ನಿಗೆ ಒಂದು ತೂತು ಕೊರೆದು
ಸ್ವಿಚ್ಚು ಕೂರಿಸಿದೆ.
ಈಚೆಗೆ ಒತ್ತಿದರೆ ನಕ್ಷೆ,
ಆಚೆಗೆ ಒತ್ತಿದರೆ ಅವಳು.

ಆಚೆಗೆ ಒತ್ತಿ ಅವನು ಕಣ್ಣು ಮುಚ್ಚಿ
ಅರ್ಧ ಗಂಟೆ ನುಡಿಸಿದ.
ಪಕ್ಕದಂಗಡಿಯ ಟಯರಿನ ಹುಡುಗ
ಪಂಕ್ಚರು ಬಿಟ್ಟು ಬಂದು ನಿಂತ.
ಬಾಳೆಯೆಲೆಯಲ್ಲಿ ಕಟ್ಟಿದ ಅನ್ನ ಮಾರುವವಳು
ಬುಟ್ಟಿ ಇಳಿಸಲು ಮರೆತಳು.

ಕೊನೆಗೆ ವಯರು ಸುತ್ತುತ್ತ ಪಿಂಚಿ ಅಂದ:
"ಇದು, ಇದು ನಿಮ್ಮಪ್ಪ ಮಾಡಿಕೊಟ್ಟಿದ್ದು.
ಎಂಥ ಕೈ ಅದು, ಪುಣ್ಯಾತ್ಮನದು!
ನೀನೂ ಕಲಿಯುತ್ತಿದ್ದೀಯ, ಪರವಾಗಿಲ್ಲ."

ಗೋಡೆಯ ಮೇಲೆ ಅಪ್ಪನ ಫೋಟೋ.
ಆ ಬೆಸುಗೆ ಕಂಡಿದ್ದರೆ
ಕಪಾಳಕ್ಕೆ ಬಿಗಿಯುತ್ತಿದ್ದ ಆ ಕೈ
ಅಲ್ಲಿ ಮಡಿಲಲ್ಲಿ ತಣ್ಣಗಿದೆ.

ಹೌದು ಅಂದೆ.
ಬಿಲ್ಲಿನಲ್ಲಿ ಸ್ವಿಚ್ಚಿನ ಮುಂದೆ
ಎಂಟು ಸೋಲ್ ಹೆಚ್ಚಿಗೆ ಬರೆದೆ.