ಹಳದಿ ಪುಸ್ತಕ

ಬಂದರಿನ ಹಿಂದೆ, ಮೂರನೇ ಮಹಡಿ.
ಲಿಫ್ಟು ಎರಡರವರೆಗೆ ಮಾತ್ರ.
ಆಫ್ರಿಕಾಕ್ಕೆ ಹೊರಟವರೆಲ್ಲ
ಕೊನೆಯ ಇಪ್ಪತ್ತೆರಡು ಮೆಟ್ಟಿಲು ಏದುಸಿರಲ್ಲಿ ಹತ್ತಿ
ಮೊದಲು ಕಾಣುವುದು ನನ್ನನ್ನು:
ಸಿಸ್ಟರ್ ಗುಲಾಬಿ ಬಂಗೇರ,
ಒಂದು ಕೈಯಲ್ಲಿ ಹತ್ತಿ, ಒಂದರಲ್ಲಿ ಸೂಜಿ.

ತೋಳು ಮೇಲೇರಿಸಿ, ಅನ್ನುತ್ತೇನೆ.
ಮಸಾಯಿ ಮಾರಾ, ಅನ್ನುತ್ತಾರೆ, ಕೇಳದೆಯೇ.
ಎಂಟು ಹಗಲು, ಏಳು ರಾತ್ರಿ, ಗುಡಾರದಲ್ಲೂ ಬಿಸಿನೀರು.
ನಾನು ಕೇಳುವುದು ಒಂದೇ:
ಮೊಟ್ಟೆ ತಿಂದರೆ ಮೈಗೆ ಆಗುತ್ತದೆಯೇ?
ಈ ಲಸಿಕೆ ಬೆಳೆಯುವುದು ಮೊಟ್ಟೆಯೊಳಗೆ.

ಘಾಟ್ಕೋಪರದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.
ಏಳು ತಲೆಮಾರು ಮುಟ್ಟಿಲ್ಲ ಸಿಸ್ಟರ್,
ಆಗುತ್ತದೋ ಇಲ್ಲವೋ ಯಾರಿಗೆ ಗೊತ್ತು?
ಡಾಕ್ಟರು ಚಹಾಕ್ಕೆ ಹೋಗಿದ್ದರು.
ಕಾಯುವಾಗ ಆಕೆ ಥೇಪ್ಲಾ ಬಿಚ್ಚಿ ನನಗೂ ಒಂದು ಕೊಟ್ಟಳು.
ಸಿಂಹ ನೋಡುತ್ತೇನೆ, ಅಂದಳು,
ಅದು ಉಣ್ಣುವಾಗ ಮಾತ್ರ ಕಣ್ಣು ಮುಚ್ಚುತ್ತೇನೆ.

ಚುಚ್ಚಿದ ಮೇಲೆ ಅರ್ಧ ಗಂಟೆ ಬೆಂಚಿನಲ್ಲಿ ಕೂರಬೇಕು.
ಒಬ್ಬ ಹುಡುಗ, ದುರ್ಬೀನು ಈಗಾಗಲೇ ಕೊರಳಲ್ಲಿ,
ಕಿಟಕಿಯಿಂದ ಬಂದರಿನ ಕ್ರೇನುಗಳನ್ನು ನೋಡಿ
ಪುಟ್ಟ ವಹಿಯಲ್ಲಿ ಬರೆದುಕೊಂಡ:
ಹದ್ದು, ಎರಡು. ಒಂದು ಮರಿಯಿರಬಹುದು.

ಸೋರಾಬ್ ಕಾಂಗಾ ಮಾತ್ರ ಹಿಂತಿರುಗಿ ಬಂದರು,
ಮಳೆಗಾಲದಲ್ಲಿ, ಮಾವಾ ಕೇಕಿನ ಡಬ್ಬಿ ಹಿಡಿದು.
ಎಪ್ಪತ್ತು ದಾಟಿದ ರೈಲ್ವೆ ಗಾರ್ಡು.
ಸಿಂಹ ಸಿಕ್ಕಿತೇ?
ಸಿಕ್ಕಿತು. ಮಲಗಿತ್ತು. ಸುತ್ತ ಹದಿನಾರು ಜೀಪು,
ಚರ್ಚ್‌ಗೇಟಿನ ಟ್ಯಾಕ್ಸಿ ಸಾಲಿನ ಹಾಗೆ.
ನಾನು ಬೆನ್ನು ತಿರುಗಿಸಿ ಹುಲ್ಲು ನೋಡಿದೆ.
ಮೂವತ್ತೆಂಟು ವರ್ಷ ಕೊನೆಯ ಡಬ್ಬಿಯಲ್ಲಿ ನಿಂತು
ಬಿಟ್ಟುಬಂದದ್ದನ್ನೇ ನೋಡಿದವನು ನಾನು.
ಆದರೆ ಹುಲ್ಲು, ಸಿಸ್ಟರ್... ಅಂದವರು
ಕೇಕನ್ನು ಕತ್ತರಿಸುವುದರಲ್ಲಿ ತೊಡಗಿದರು.

ನಮ್ಮ ಚಾಳಿನಲ್ಲಿ ಹುಲ್ಲೆಂದರೆ
ನಲ್ಲಿಯ ಬುಡದಲ್ಲಿ ಅಂಗೈಯಷ್ಟು.
ಅದರ ಮೇಲೂ ಯಾರದೋ ಬಕೆಟ್ಟು.

ಆ ಶುಕ್ರವಾರ ಬಾಟಲಿಯಲ್ಲಿ ಒಂದು ಡೋಸು ಉಳಿದಿತ್ತು.
ಒಡೆದರೆ ಒಂದೇ ಗಂಟೆ; ಆಮೇಲೆ ಚೆಲ್ಲಬೇಕು.
ಹದಿನಾಲ್ಕು ವರ್ಷ ಚೆಲ್ಲಿದ್ದೇನೆ, ಲೆಕ್ಕ ಬರೆದು.
ಐದಕ್ಕೆ ಹತ್ತು ನಿಮಿಷ. ಮೆಟ್ಟಿಲಲ್ಲಿ ಸದ್ದಿಲ್ಲ.
ಪರಬ್, ಇಲ್ಲಿ ಬಾ, ಅಂದೆ, ತೋಳು ಮೇಲೇರಿಸಿ.
ಎಲ್ಲಿಗೆ ಹೊರಟಿರಿ, ಅಂತ ಅವನು ಕೇಳಲಿಲ್ಲ.
ಮೊಟ್ಟೆ ಆಗುತ್ತಾ, ಅಂತ ಕೇಳಿದ. ನಕ್ಕೆವು.
ನೋವಾಯಿತು. ಎಲ್ಲರಿಗೂ ಆಗುವುದಿಲ್ಲ ಅಂತ
ಇಷ್ಟು ವರ್ಷ ಹೇಳುತ್ತ ಬಂದಿದ್ದೆ.

ಹಳದಿ ಪುಸ್ತಕಕ್ಕೆ ದುಡ್ಡು ಕಟ್ಟಿ, ರಸೀದಿ ಹರಿದು
ನನ್ನದೇ ಅಕ್ಷರದಲ್ಲಿ ನನ್ನ ಹೆಸರು ಬರೆದೆ.
ಜಾರಿ: ಹತ್ತು ದಿನಗಳ ನಂತರ.
ಅವಧಿ: ಜೀವನಪರ್ಯಂತ.
ರೇಷನ್ ಕಾರ್ಡಿನ ಕೆಳಗೆ ಇಟ್ಟೆ.

ಹತ್ತನೇ ದಿನ ಸೋಮವಾರ, ನಾಲಾಸೋಪಾರದ ಲೋಕಲು.
ಈ ಜನರನ್ನು ಹೊಳೆ ದಾಟುವ ಹಿಂಡಿಗೆ ಹೋಲಿಸುವವರಿದ್ದಾರೆ;
ಅವರು ಹೆಂಗಸರ ಡಬ್ಬಿಯಲ್ಲಿ ಬಟಾಣಿ ಸುಲಿದವರಲ್ಲ.
ನನ್ನ ಮಡಿಲಲ್ಲಿ ಯಾರದೋ ಅರ್ಧ ಕಿಲೋ,
ಸಿಪ್ಪೆ ಒಂದು ಚೀಲಕ್ಕೆ, ಕಾಳು ಒಂದು ಚೀಲಕ್ಕೆ.
ಭಾಯಂದರ್ ದಾಟಿ ರೈಲು ಖಾಡಿಯ ಸೇತುವೆಗೆ ಬಂದಾಗ
ಗಾಳಿ ಎಲ್ಲರ ಸೆರಗನ್ನೂ ಒಂದೇ ಕಡೆ ಎಳೆಯಿತು.

ಇವತ್ತಿನಿಂದ ನನಗೆ ಹೋಗಬಹುದು, ಅಂದೆ.
ಎಲ್ಲಿಗೆ? ಅಂದಳು ಬಟಾಣಿಯವಳು.
ತೋಳು ಇನ್ನೂ ಸಣ್ಣಗೆ ತುರಿಸುತ್ತಿತ್ತು.
ಇನ್ನೊಂದು ಹಿಡಿ ಇತ್ತ ಹಾಕು, ಅಂದೆ,
ವಸಾಯಿ ಬರುವುದರೊಳಗೆ ಮುಗಿಸೋಣ.